ಶುಕ್ರವಾರದ ತೊಂಬತ್ನಾಲ್ಕು ನಿಮಿಷ

ಬೆಳಗಾವಿ ವಿಮಾನ ನಿಲ್ದಾಣದಿಂದ ಕಲಬುರಗಿ ವಿಮಾನ ನಿಲ್ದಾಣಕ್ಕೆ ಆಕಾಶದಲ್ಲಿ ನೇರ ಗೆರೆ ಎಳೆದರೆ ಹೆಚ್ಚುಕಡಿಮೆ ಮುನ್ನೂರು ಕಿಲೋಮೀಟರ್. ರಸ್ತೆಯಲ್ಲಿ ಹೋದರೆ ಎಂಟು ತಾಸು, ಮೇಲೆ ಮೈಕೈ ನೋವು ಬೇರೆ. ನಮ್ಮ ಘಟಪ್ರಭಾ ಏರ್‌ವೇಸಿನ ಎಪ್ಪತ್ತೆರಡು ಸೀಟಿನ ವಿಮಾನಕ್ಕೆ ಐವತ್ತೈದು ನಿಮಿಷ. ಅದನ್ನು ನಲವತ್ತಕ್ಕೆ ಇಳಿಸಿ ಎಂದು ಮಾಲೀಕರು ಎರಡು ವರ್ಷ ಎಂಜಿನಿಯರುಗಳ ತಲೆ ತಿಂದರು. ಇಳಿಯಲಿಲ್ಲ. ಕೊನೆಗೆ ಡಾಕ್ಟರ್ ಸುಲೋಚನಾ ಇನಾಮದಾರ ಎಂಬ ಮಿದುಳು ತಜ್ಞೆ ಬಂದು, ವಿಮಾನವನ್ನು ಯಾಕೆ ಇನ್ನೂ ಜೋರಾಗಿ ಓಡಿಸುತ್ತೀರಿ, ಒಳಗೆ ಕೂತವರಿಗೆ ಐವತ್ತೈದು ನಿಮಿಷ ಹದಿನೈದು ಅನ್ನಿಸಿದರೆ ಸಾಲದೇ ಎಂದು ಕೇಳಿದರು. ಹಾಗೆ ಹುಟ್ಟಿದ್ದು ದಿಂಬು.

ಕಾಗದದ ಮೇಲೆ ಅದಕ್ಕೊಂದು ಉದ್ದನೆಯ ಹೆಸರಿದೆ, ಯಾರೂ ಬಳಸುವುದಿಲ್ಲ. ಸೀಟಿನಲ್ಲಿ ತಲೆ ಒರಗಿಸುವ ಜಾಗಕ್ಕೆ ಕೂರಿಸಿದ ಮೆತ್ತನೆಯ ದಿಂಬು, ಅಷ್ಟೇ. ಅದರೊಳಗಿನ ತಂತಿಗಳು ಮಿದುಳಿನ ಸಣ್ಣ ವಿದ್ಯುತ್ ಅಲೆಗಳನ್ನು ಓದಿ, ಈ ಮನುಷ್ಯನಿಗೆ ಪ್ರಯಾಣ ಎಷ್ಟು ನಿಮಿಷದ್ದು ಅನ್ನಿಸುತ್ತಿದೆ ಎಂದು ಲೆಕ್ಕ ಹಾಕುತ್ತವೆ. ಬೇಕೆಂದವರು ಕೈ ಊರುವ ಜಾಗದ ಗುಂಡಿ ಒತ್ತಿದರೆ ದಿಂಬು ಕಿವಿಗೆ ಕೇಳದಷ್ಟು ಸಣ್ಣಗೆ ಮಿಡಿದು ಆ ಹೊತ್ತನ್ನು ಕುಗ್ಗಿಸುತ್ತದೆ. ಕಣ್ಣು ಮುಚ್ಚಿ ಬಿಡುವುದರೊಳಗೆ ಊರು ಬಂತು ಎಂದು ಜನ ಖುಷಿಯಾಗಿ ಇಳಿದು ಹೋಗುತ್ತಾರೆ.

ಬೆಳಗಾವಿಯ ನಿಯಂತ್ರಣ ಕೊಠಡಿಯಲ್ಲಿ ಕೂತು ಈ ದಿಂಬುಗಳನ್ನು ನೋಡಿಕೊಳ್ಳುವವಳು ನಾನು, ನೀಲಾಂಬಿಕಾ. ನನ್ನ ಮುಂದಿನ ಪರದೆಯಲ್ಲಿ ಒಂದೊಂದು ದಿಂಬಿಗೂ ಒಂದೊಂದು ಚೌಕ, ಚೌಕದಲ್ಲಿ ಎರಡು ಅಂಕಿ. ಮೇಲಿನದು ಗಡಿಯಾರದ ಸಮಯ, ಕೆಳಗಿನದು ಅನ್ನಿಸಿದ ಸಮಯ. ಕೆಳಗಿನದು ಮೇಲಿನದನ್ನು ದಾಟಿದರೆ ಚೌಕ ಕೆಂಪಾಗುತ್ತದೆ. ನಮ್ಮ ಕಂಪನಿಯಲ್ಲಿ ಕೆಂಪೆಂದರೆ ಬೇಸರ, ಬೇಸರವೆಂದರೆ ದೂರು, ದೂರೆಂದರೆ ನನಗೆ ಬೈಗುಳ. ಆರು ವರ್ಷ ಹೀಗೇ ಓದಿ ಓದಿ, ಉದ್ದವಾದದ್ದೆಲ್ಲ ಕೆಟ್ಟದ್ದು ಎಂದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ನನಗೆ ಹೊಟ್ಟೆಕಿಚ್ಚು ಹೆಚ್ಚು. ಮದುವೆಯಾದ ಹೊಸದರಲ್ಲಿ ನಮ್ಮವರು ತಮ್ಮ ಅತ್ತಿಗೆಯ ಕೈಯ ಎಣ್ಣೆಗಾಯಿ ಚೆನ್ನಾಗಿದೆ ಎಂದು ಎರಡು ಸಲ ಹೇಳಿದ್ದಕ್ಕೆ ಮೂರು ತಿಂಗಳು ಮನೆಯೊಳಗೆ ಬದನೆಕಾಯಿ ಬರಗೊಡಲಿಲ್ಲ. ತಪ್ಪೆಂದು ಗೊತ್ತಿತ್ತು. ಗೊತ್ತಿದ್ದೂ ಬರಗೊಡಲಿಲ್ಲ.

ನಮ್ಮವರ ಹೆಸರು ರುದ್ರಮುನಿ. ತೊಗರಿ ಬೀಜದ ತಜ್ಞರು. ಹೋದ ವರ್ಷ ಕಲಬುರಗಿಯ ಒಂದು ಬೀಜದ ಕಂಪನಿ ಅವರನ್ನು ವಾರಕ್ಕೆ ನಾಲ್ಕು ದಿನದ ಕೆಲಸಕ್ಕೆ ಕರೆಯಿತು. ಮಂಗಳವಾರ ಬೆಳಿಗ್ಗೆಯ ವಿಮಾನಕ್ಕೆ ಹೋಗುವುದು, ಶುಕ್ರವಾರ ಸಂಜೆಯ ವಿಮಾನಕ್ಕೆ ಬರುವುದು. ನಾಲ್ಕನೆಯ ಸಾಲಿನ ಕಿಟಕಿ ಸೀಟನ್ನು ನಾನೇ ಕಾಯಂ ಮಾಡಿಸಿಕೊಟ್ಟೆ. ಗುಂಡಿಯನ್ನು ಮಾತ್ರ ಅವರು ಒಂದು ದಿನವೂ ಒತ್ತಲಿಲ್ಲ.

“ನನ್ನ ಹೊತ್ತು ನನಗ ಇರಲಿ ಬಿಡು, ಅದನ್ಯಾಕ ನಿಮ್ಮ ಕಂಪನಿಗೆ ಕೊಡ್ಲಿ” ಎನ್ನುತ್ತಿದ್ದರು.

ಹೀಗಾಗಿ ಅವರ ಚೌಕದಲ್ಲಿ ಬರುತ್ತಿದ್ದ ಅಂಕಿ ಅವರದೇ ಮನಸ್ಸಿನದು, ದಿಂಬಿನದಲ್ಲ. ಮೊದಲ ಎರಡು ತಿಂಗಳು ನಾನು ಆ ಚೌಕದ ಕಡೆ ಬೇಕೆಂದೇ ನೋಡಲಿಲ್ಲ. ಒಂದು ಮಂಗಳವಾರ ಕಣ್ಣು ಹೋಯಿತು. ಐವತ್ತೈದರ ಕೆಳಗೆ ಇಪ್ಪತ್ತೊಂದು. ಅಂದರೆ ನಮ್ಮನ್ನು ಬಿಟ್ಟು ಹೋಗುವ ಹಾದಿ ಇವರಿಗೆ ಇಪ್ಪತ್ತೊಂದೇ ನಿಮಿಷ. ಇರಲಿ, ಬೆಳಗಿನ ಜಾವ ಎದ್ದವರು, ತೂಕಡಿಸಿರಬೇಕು ಎಂದುಕೊಂಡೆ. ಶುಕ್ರವಾರ ಸಂಜೆ ಬೇಕೆಂದೇ ನೋಡಿದೆ. ಚೌಕ ಕೆಂಪಗಿತ್ತು. ತೊಂಬತ್ನಾಲ್ಕು.

ಹಳೆಯ ವಾರಗಳನ್ನೆಲ್ಲ ತೆಗೆದು ನೋಡಿದೆ. ಹೋಗುವಾಗ ಹತ್ತೊಂಬತ್ತು, ಇಪ್ಪತ್ತಮೂರು, ಹದಿನೆಂಟು. ಬರುವಾಗ ತೊಂಬತ್ತು, ತೊಂಬತ್ತೇಳು, ಒಂದು ಶುಕ್ರವಾರ ನೂರಾ ಎರಡು. ಹೋಗುವಾಗ ಹಾರಿಕೊಂಡು ಹೋಗುತ್ತಾರೆ, ಮನೆಗೆ ಬರುವಾಗ ಕಾಲೆಳೆಯುತ್ತಾರೆ. ಪಕ್ಕದ ಕುರ್ಚಿಯವರು ಚಹಾ ತಂದಿಟ್ಟರೆ ಕುಡಿಯಲಾಗಲಿಲ್ಲ.

ಆ ರಾತ್ರಿ ಊಟಕ್ಕೆ ಕೂತಾಗ ಅವರು ಎಂದಿನಂತೆ ವಾರದ ಸುದ್ದಿಯೆಲ್ಲ ಬಿಚ್ಚಿದರು.

“ಜಗದೇವಿ ಮೇಡಂ ಏನ ಮಾಡಿದ್ರು ಗೊತ್ತೇನ? ಮೊಳಕಿ ಪರೀಕ್ಷಾದ ತಾಟ ಎಲ್ಲಾ ಬಿಸಲಾಗ ಮರತು ಊಟಕ್ಕ ಹ್ವಾದ್ರು. ನಾಕುನೂರು ಬೀಜ ಹುರಗಾಳ ಆದವು.”

ಜಗದೇವಿ ಅಲ್ಲಿನ ಪ್ರಯೋಗಾಲಯದಲ್ಲಿ ಇವರ ಜೊತೆ ಕೆಲಸ ಮಾಡುವವರು. ಅವರ ಸುದ್ದಿ ಪ್ರತಿ ಶುಕ್ರವಾರವೂ ಬರುತ್ತಿತ್ತು, ನಾನೂ ನಗುತ್ತಿದ್ದೆ. ಅಂದು ನಗು ಬರಲಿಲ್ಲ.

“ಭಾಳ ಚಂದ ಇರಬೇಕಲ್ಲ ಅವರು” ಎಂದೆ.

“ಯಾರು, ಜಗದೇವಿ ಮೇಡಮ್ಮಾ? ನೋಡಿಲ್ಲ ನಾ” ಎಂದು ಇನ್ನೊಂದು ರೊಟ್ಟಿಗೆ ಕೈ ಹಾಕಿದರು.

ವಾರಕ್ಕೆ ನಾಲ್ಕು ದಿನ ಎದುರಿಗೆ ಕೂರುವವರನ್ನು ನೋಡಿಲ್ಲವಂತೆ. ನನಗೆ ಅದು ಶುದ್ಧ ಸುಳ್ಳೆಂದೇ ಅನ್ನಿಸಿತು. ಈಗ ಯೋಚಿಸಿದರೆ ಆಗ ಅವರು ಹೇಳಿದ್ದು ನಿಜ.

ದಿಂಬಿಗೆ ಇನ್ನೊಂದು ಗುಣವಿದೆ, ಪ್ರಯಾಣಿಕರಿಗೆ ಹೇಳುವುದಿಲ್ಲ. ಹೊತ್ತನ್ನು ಕುಗ್ಗಿಸುವಂತೆ ಹಿಗ್ಗಿಸಲೂ ಬರುತ್ತದೆ. ಅದು ಪ್ರಯೋಗಾಲಯದ ಪರೀಕ್ಷೆಗೆಂದು ಇಟ್ಟದ್ದು, ಹಾರುವ ವಿಮಾನದಲ್ಲಿ ಬಳಸಬಾರದು. ಅದರ ಗುಪ್ತಪದ ಇಬ್ಬರಿಗೆ ಮಾತ್ರ ಗೊತ್ತು, ಡಾಕ್ಟರ್ ಇನಾಮದಾರರಿಗೆ ಮತ್ತು ನನಗೆ.

ಮುಂದಿನ ಮಂಗಳವಾರ ವಿಮಾನ ಏರಿ ಐದು ನಿಮಿಷಕ್ಕೆ ನಾಲ್ಕನೆಯ ಸಾಲಿನ ಕಿಟಕಿ ಸೀಟನ್ನು ತೆರೆದು ಎಂಬತ್ತಕ್ಕೆ ಹಿಗ್ಗಿಸಿದೆ. ಕಲಬುರಗಿ ದೂರ ಅನ್ನಿಸಲಿ, ಮುಗಿಯದಷ್ಟು ದೂರ ಅನ್ನಿಸಲಿ. ಶುಕ್ರವಾರ ಅದೇ ಸೀಟನ್ನು ಹನ್ನೆರಡಕ್ಕೆ ಕುಗ್ಗಿಸಿದೆ. ಮನೆ ಹತ್ತಿರ ಅನ್ನಿಸಲಿ. ತಪ್ಪೆಂದು ಗೊತ್ತಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಕೆಂಪು ಚೌಕ ಹಸಿರಾದದ್ದನ್ನು ನೋಡಿ ಹೊಟ್ಟೆ ತಣ್ಣಗಾಯಿತು. ನಾಲ್ಕು ತಿಂಗಳು, ಒಂದು ವಾರವೂ ತಪ್ಪಿಸದೆ ಇದನ್ನೇ ಮಾಡಿದೆ.

ಮೊದಲೆಲ್ಲ ಶುಕ್ರವಾರ ಅವರು ಬಂದರೆ ಗೊತ್ತಾಗುತ್ತಿತ್ತು. ಬಾಗಿಲ ಗಂಟೆ ಎರಡು ಸಲ ಒತ್ತುವುದು, ಬೂಟು ಬಿಚ್ಚುವ ಮೊದಲೇ ಮಾತು ಶುರು, ಅಡುಗೆಮನೆಗೆ ಬಂದು ಒಂದೊಂದು ಪಾತ್ರೆಯ ಮುಚ್ಚಳ ಎತ್ತಿ ನೋಡುವುದು. ನಾನು ಕೈಮೇಲೆ ಹೊಡೆಯುವುದು. ದಿಂಬಿಗೆ ಕೈ ಹಾಕಿದ ಮೇಲೆ ಇದೆಲ್ಲ ಒಂದೊಂದೇ ನಿಂತಿತು. ಮೂಲೆಯ ಅಂಗಡಿಗೆ ಹೋಗಿ ಬಂದವರಂತೆ ಬರುವುದು, ಚೀಲ ಇಡುವುದು, ಪೇಪರು ಹಿಡಿಯುವುದು. ಕರೆದರೆ ಊಟಕ್ಕೆ ಬರುತ್ತಿದ್ದರು. ಪ್ರಯಾಣದ ದಣಿವಿಲ್ಲ, ಗಡಿಬಿಡಿಯಿಲ್ಲ, ಮನೆಗೆ ಹೊಂದಿಕೊಂಡರು ಎಂದು ನಾನು ಹಿಗ್ಗಿದೆ. ಗೆದ್ದೆ ಅಂದುಕೊಂಡೆ. ಸೋಮವಾರ ಸಂಜೆ ತಮ್ಮ ಅಂಗಿಗೆ ತಾವೇ ಇಸ್ತ್ರಿ ಹಾಕಿಕೊಳ್ಳತೊಡಗಿದರು. ಅದನ್ನೂ ನನ್ನ ಮೇಲಿನ ಕಾಳಜಿ ಎಂದೇ ಎಣಿಸಿದೆ. ಇಂಥ ಪೆದ್ದಿ ಇನ್ನೊಬ್ಬಳು ಇರಲಾರಳು.

ಒಂದು ಬುಧವಾರ ಕಲಬುರಗಿಯಿಂದ ಬರುತ್ತಿದ್ದ ವಿಮಾನದಲ್ಲಿ ಒಂದು ಚೌಕ ಮಿನುಗತೊಡಗಿತು. ಐವತ್ತೈದರ ಕೆಳಗೆ ನೂರಾ ನಲವತ್ತು. ನೂರಾ ಇಪ್ಪತ್ತು ದಾಟಿದವರನ್ನು ನಾವೇ ಖುದ್ದಾಗಿ ಕಂಡು ಕ್ಷಮೆ ಕೇಳಬೇಕೆಂಬ ನಿಯಮ ಕಂಪನಿಯಲ್ಲಿದೆ. ಕೆಳಗಿಳಿದು ಆಗಮನದ ಬಾಗಿಲಿಗೆ ಹೋದೆ. ಎಪ್ಪತ್ತರ ಮುದುಕಿ, ಇಳಕಲ್ ಸೀರೆ, ಎರಡೂ ಕೈಯಲ್ಲಿ ಗಂಟು. ನಡೆಯುತ್ತಿರಲಿಲ್ಲ, ಓಡುತ್ತಿದ್ದಳು.

“ಅಜ್ಜಿ, ವಿಮಾನದಾಗ ಭಾಳ ಬ್ಯಾಸರ ಆತೇನ್ರಿ? ಏನರ ತೊಂದ್ರಿ ಆತೇನು?” ಎಂದು ಕೇಳಿದೆ.

“ಬ್ಯಾಸರ ಯಾಕವ್ವಾ? ನನ್ನ ಮಗಳು ಹಡದಾಳ, ಹನ್ನೆರಡು ವರ್ಷದ ಮ್ಯಾಲ. ಯಾವಾಗ ಮುಟ್ತೀನೋ, ಯಾವಾಗ ಕೂಸಿನ ಮಾರಿ ನೋಡ್ತೀನೋ ಅಂತ ಜೀವ ಹಾರ್ಲತ್ತಿತ್ತು. ದಾರಿ ಸರೀಲೇ ಇಲ್ಲ ನೋಡು. ಸರಿ ಆಕಡಿ, ಅಳಿಯ ನಿಂತಾನ.”

ನಾನು ಸರಿದು ನಿಂತೆ. ಅವಳು ಹೋದ ಮೇಲೂ ಅಲ್ಲೇ ನಿಂತಿದ್ದೆ. ಬೇಸರವಿಲ್ಲ. ದೂರಿಲ್ಲ. ಆದರೂ ನೂರಾ ನಲವತ್ತು. ಮುಟ್ಟಬೇಕೆಂಬ ಆಸೆಗೆ ದಾರಿ ಉದ್ದವಾಗಿತ್ತು.

ತೊಂಬತ್ನಾಲ್ಕು ನೆನಪಾಯಿತು. ನೇರ ಮೆಟ್ಟಿಲು ಹತ್ತಿದೆ.

ಡಾಕ್ಟರ್ ಇನಾಮದಾರರ ಪ್ರಯೋಗಾಲಯ ಅದೇ ಕಟ್ಟಡದ ಮೂರನೆಯ ಮಹಡಿಯಲ್ಲಿದೆ. ಅವರು ಡಬ್ಬಿ ತೆರೆದು ಮೊಸರನ್ನ ಉಣ್ಣುತ್ತಿದ್ದರು. ನಾನು ಕೂರದೆ ಕೇಳಿದೆ.

“ಡಾಕ್ಟರ್ ಬಾಯಿ, ಉದ್ದ ಅನಸೂದಂದ್ರ ಬ್ಯಾಸರ ಅಲ್ಲೇನ್ರಿ?”

“ಯಾರು ಹಾಂಗ ಹೇಳಿದ್ರು ನಿನಗ? ಮಿದುಳಿನ್ಯಾಗ ಕಾಯೋ ಭಾಗ ಅಂತ ಒಂದದ. ಅದು ಎಚ್ಚರಿದ್ರ ಹೊತ್ತು ಉದ್ದ ಆಗ್ತದ, ಮಲಗಿದ್ರ ಗಿಡ್ಡ ಆಗ್ತದ. ಬ್ಯಾಸರದಾಗೂ ಮನುಷ್ಯಾ ಮುಗೀಲಿ ಅಂತ ಕಾಯ್ತಾನ, ಪ್ರೀತಿಯೊಳಗೂ ಮುಟ್ಟಲಿ ಅಂತ ಕಾಯ್ತಾನ. ದಿಂಬಿಗೆ ಎರಡೂ ಒಂದ. ನಾವು ದಿಂಬಿನಿಂದ ಆ ಭಾಗಾನ ಮಲಗಸ್ತೀವಿ, ಅಷ್ಟ.”

“ಹಂಗಾದ್ರ ಹಿಗ್ಗಿಸಿದ್ರ?”

“ಎಬ್ಬಸ್ತೀವಿ.” ಅವರು ಚಮಚ ಕೆಳಗಿಟ್ಟರು. “ಅದಕ್ಕ ಅದನ್ನ ವಿಮಾನದಾಗ ಬ್ಯಾಡ ಅಂದದ್ದು. ಒಂದ ದಾರಿಯೊಳಗ, ಒಂದ ಹೊತ್ತಿಗೆ, ವಾರಾ ವಾರಾ ಎಬ್ಬಿಸಿದ್ರ ಅದಕ್ಕ ರೂಢಿ ಆಗ್ತದ. ಕಾಯೋದು ಮೊದಲು ಹುಟ್ಟತದ ನೀಲಾಂಬಿಕಾ. ಯಾರ ಸಲುವಾಗಿ ಅಂತ ಆಮ್ಯಾಲ ತಾನ ಹುಡಿಕ್ಕೋತದ.”

“ಮಲಗಿಸಿದ್ದು?”

“ಅದೂ ರೂಢಿನ. ಯಾಕ, ಯಾರಿಗರ ಹಚ್ಚಿದ್ದೇನು?”

“ಇಲ್ರಿ. ಸುಮ್ಮ ಕೇಳಿದೆ” ಎಂದೆ.

ನಾಲ್ಕು ತಿಂಗಳು ನಾನು ಮಾಡಿದ್ದೇನೆಂದು ಮೆಟ್ಟಿಲಿಳಿಯುವಾಗ ಒಂದೊಂದಾಗಿ ತಿಳಿಯುತ್ತ ಬಂತು. ಮನೆಗೆ ಬರುವ ಹಾದಿಯಲ್ಲಿ ನನಗಾಗಿ ಕಾಯುತ್ತಿದ್ದ ಮನುಷ್ಯನನ್ನು ಕೈಯಾರೆ ತಟ್ಟಿ ಮಲಗಿಸಿದ್ದೆ. ಏನೂ ಕಾಯದೆ ಕಲಬುರಗಿಗೆ ಹೋಗುತ್ತಿದ್ದವನನ್ನು ಎಬ್ಬಿಸಿ, ಕಾಯುವುದನ್ನು ಕಲಿಸಿ ಕಳಿಸಿದ್ದೆ. ನನ್ನ ಕೈಗೆ ಬೆಂಕಿ ಬೀಳಲಿ ಎಂದು ನನ್ನನ್ನೇ ಬೈದುಕೊಂಡೆ.

ಅಂದಿನಿಂದ ದಿಂಬನ್ನು ಮುಟ್ಟಲಿಲ್ಲ. ಎರಡು ವಾರ ಸುಮ್ಮನೆ ಅಂಕಿ ನೋಡಿದೆ. ಶುಕ್ರವಾರ ಹದಿನಾಲ್ಕು, ಆಮೇಲೆ ಹದಿನಾರು. ಮಂಗಳವಾರ ಎಪ್ಪತ್ತೆಂಟು, ಆಮೇಲೆ ಎಂಬತ್ತೊಂದು. ದಿಂಬು ಮಿಡಿಯದೆ ಸುಮ್ಮನಿದ್ದರೂ ಎಂಬತ್ತೊಂದು.

ಆ ವಾರದ ಶುಕ್ರವಾರ ಊಟಕ್ಕೆ ಕೂತಾಗ ಒಂದು ವಿಷಯ ಹೊಳೆಯಿತು. ಜಗದೇವಿಯ ಸುದ್ದಿ ನಿಂತು ಬಹಳ ದಿನವಾಗಿತ್ತು. ಬೀಜದ ಸುದ್ದಿ ಬರುತ್ತಿತ್ತು, ಬಿಸಿಲಿನ ಸುದ್ದಿ ಬರುತ್ತಿತ್ತು, ಆ ಹೆಸರು ಮಾತ್ರ ಬರುತ್ತಿರಲಿಲ್ಲ.

“ಜಗದೇವಿ ಮೇಡಂ ಹೆಂಗದಾರ್ರೀ?” ಎಂದು ಸಹಜವಾಗಿ ಕೇಳಿದಂತೆ ಕೇಳಿದೆ.

ಅವರ ಕೈ ತಟ್ಟೆಯಲ್ಲೇ ನಿಂತಿತು. “ಯಾಕ?” ಎಂದರು.

ಹಿಂದೆ ಇದೇ ಪ್ರಶ್ನೆ ಕೇಳಿದ್ದರೆ ಅರ್ಧ ಗಂಟೆ ಕತೆ ಹೇಳುತ್ತಿದ್ದರು. ಈಗ ಒಂದೇ ಮಾತು. ಆಗ ಇಲ್ಲದ ಹೆಂಗಸಿನ ಮೇಲೆ ಉರಿದುಕೊಂಡಿದ್ದೆ. ಈಗ ಆ ಹೆಂಗಸು ಇದ್ದಳು, ಅವಳನ್ನು ಅಲ್ಲಿ ಕೂರಿಸಿದವಳು ನಾನು. ಅವಳ ಮೇಲೆ ಸಿಟ್ಟು ಮಾಡುವ ಹಕ್ಕೂ ನನಗೆ ಉಳಿದಿರಲಿಲ್ಲ. ಆದರೂ ಸಿಟ್ಟು ಬಂತು, ಅವಳ ಜಡೆ ಹಿಡಿದು ಎಳೆಯಬೇಕು ಅನ್ನಿಸುವಷ್ಟು ಬಂತು.

ಭಾನುವಾರ ಮಧ್ಯಾಹ್ನ ಹೇಳಿದೆ. ಅವರು ಪಡಸಾಲೆಯಲ್ಲಿ ಕೂತು ಮೆಂತ್ಯಪಲ್ಲೆ ಬಿಡಿಸುತ್ತಿದ್ದರು, ಭಾನುವಾರದ ಪಲ್ಲೆ ಯಾವಾಗಲೂ ಅವರದೇ ಕೆಲಸ. ನಾನು ಎದುರಿಗೆ ಕೂತು ಇಪ್ಪತ್ತೊಂದರಿಂದ ಶುರುಮಾಡಿ ಎಂಬತ್ತೊಂದರವರೆಗೂ ಹೇಳಿದೆ. ಅಜ್ಜಿಯ ವಿಷಯ, ಇನಾಮದಾರ ಬಾಯಿ ಹೇಳಿದ್ದು, ಒಂದನ್ನೂ ಬಿಡಲಿಲ್ಲ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

“ಮೊದಲೆಲ್ಲಾ ಶುಕ್ರವಾರ ಎಷ್ಟ ಬರ್ತಿತ್ತು ಅಂದಿ?” ಎಂದು ಕೇಳಿದರು.

“ತೊಂಬತ್ನಾಲ್ಕು.”

“ಅದನ್ನ ನೋಡಿ ಏನ ತಿಳಕೊಂಡಿ?”

“ನಿಮಗ ಮನೀಗೆ ಬರಾಕ ಮನಸ್ಸಿಲ್ಲ ಅಂತ.”

ಅವರು ಕೈಯಲ್ಲಿದ್ದ ಪಲ್ಲೆಯ ಕಡ್ಡಿಯನ್ನು ಸಣ್ಣಗೆ ಮುರಿಯುತ್ತ ಕೂತರು. “ವಿಮಾನ ನಿಲ್ಲೂಕಿಂತ ಮೊದಲ ಎದ್ದು ನಿಂತು ಆ ಗಗನಸಖಿ ಕಡೆ ಬೈಸ್ಕೊಂತಿದ್ದೆ ನಾ. ಒಂದು ವಾರ ಅಲ್ಲ, ಪ್ರತಿ ವಾರ. ಅಂಕಿ ಯಾಕ ನೋಡಿದಿ? ನನ್ನ ಕೇಳಬೇಕಾಗಿತ್ತು. ಹನ್ನೊಂದು ವರ್ಷಾತು ನೀಲಾ, ನಾ ಎದುರಿಗೇ ಕುಂತಿರ್ತಿದ್ದೆ.”

ನನಗೆ ಅಳು ಬಂತು. ಅಳುತ್ತಲೇ, ಎಂಥ ನಾಚಿಕೆಗೇಡು, “ಸರಿ ಮಾಡಬಹುದ್ರಿ” ಎಂದೆ. “ಶುಕ್ರವಾರ ಹಿಗ್ಗಿಸಿ, ಮಂಗಳವಾರ ಕುಗ್ಗಿಸಿದ್ರ, ನಾಕ ತಿಂಗಳದಾಗ ಮೊದಲಿನಂಗ ಆಗತೈತಿ.”

“ಆಗ ನಾ ನಿನ್ನ ಸಲುವಾಗಿ ಕಾದಂಗ ಆಗತೈತೇನು?”

ಕೇಳಬಾರದ್ದನ್ನು ಕೇಳಿದೆ.

“ಆಕಿ ಜೋಡಿ ಏನರ...”

“ಏನೂ ಆಗಿಲ್ಲ. ಮಾತಾಡ್ತೀವಿ. ಚಹಾ ಕುಡೀತೀವಿ. ಆದ್ರ ಮಂಗಳವಾರ ಬಂದ್ರ ನನಗ...” ಎಂದು ನಿಲ್ಲಿಸಿದರು. ಎದ್ದು ನಿಂತು, “ಅದು ನೀ ಹಚ್ಚಿದ್ದೋ ನಂದ ಆಗೇತೋ, ಈಗ ನನಗೂ ತಿಳೀವಲ್ತು” ಎಂದರು. ಪಲ್ಲೆಯ ಬುಟ್ಟಿಯನ್ನು ಅಡುಗೆಮನೆಯಲ್ಲಿ ಇಟ್ಟು ಹೊರಗೆ ಹೋದರು.

ಮಂಗಳವಾರ ಹೋದರು. ಅಂದು ನಾನು ರಜೆ ಹಾಕಿದ್ದೆ, ಆ ಅಂಕಿ ನೋಡುವ ಧೈರ್ಯವಿರಲಿಲ್ಲ. ಮೂರು ದಿನ ಫೋನು ಬಂತು, ಊಟ ಆಯಿತೇ, ಗ್ಯಾಸ್ ಬಂತೇ, ಅಷ್ಟೇ ಮಾತು. ಪ್ರತಿ ಸಲ ಹಿಂದೆ ಯಾರದಾದರೂ ದನಿ ಕೇಳುತ್ತದೆಯೇ ಎಂದು ಕಿವಿಗೊಟ್ಟೆ. ಒಮ್ಮೆ ಚಹಾದ ಕಪ್ಪು-ಬಸಿಯ ಸದ್ದು ಕೇಳಿತು. ಆ ಸದ್ದು ಇಡೀ ದಿನ ನನ್ನನ್ನು ತಿಂದಿತು.

ಶುಕ್ರವಾರ ಕಲಬುರಗಿಯಿಂದ ವಿಮಾನ ಎದ್ದಾಗ ನಾನು ಪರದೆಯ ಮುಂದಿದ್ದೆ. ಗುಪ್ತಪದವನ್ನು ನನಗೂ ತಿಳಿಯದಂತೆ ಬದಲಿಸಿಬಿಡಿ ಎಂದು ಡಾಕ್ಟರ್ ಇನಾಮದಾರರಿಗೆ ಹೇಳಿದ್ದೆ. ಈಗ ನೋಡುವುದೊಂದೇ ನನ್ನ ಕೈಲಿದ್ದದ್ದು. ಚೌಕಗಳು ಒಂದೊಂದೇ ಹೊತ್ತಿಕೊಂಡವು. ನಾಲ್ಕನೆಯ ಸಾಲಿನ ಕಿಟಕಿ ಸೀಟು ಹೊತ್ತಲಿಲ್ಲ. ಬೂದು ಬಣ್ಣದಲ್ಲೇ ಉಳಿಯಿತು.

ಬರಲಿಲ್ಲ ಅನ್ನಿಸಿತು. ಉಳಿದುಬಿಟ್ಟರು ಅನ್ನಿಸಿತು. ಪ್ರಯಾಣಿಕರ ಪಟ್ಟಿ ತೆಗೆದರೆ ಹೆಸರಿತ್ತು, ಹದಿನಾರನೆಯ ಸಾಲಿನಲ್ಲಿ. ವಿಮಾನದ ಹಿಂದಿನ ಆರು ಸಾಲಿಗೆ ಕಂಪನಿ ಇನ್ನೂ ದಿಂಬು ಹಾಕಿಸಿಲ್ಲ. ಅಲ್ಲಿ ಕೂತವರದು ಪರದೆಯ ಮೇಲೆ ಏನೂ ಬರುವುದಿಲ್ಲ.

ನಾನು ಎದ್ದು ಕೆಳಗೆ ಹೋಗಿ ಆಗಮನದ ಬಾಗಿಲ ಎದುರಿನ ಕಬ್ಬಿಣದ ಕುರ್ಚಿಯಲ್ಲಿ ಕೂತೆ. ಆರು ವರ್ಷ ಅಲ್ಲಿ ಕೆಲಸ ಮಾಡಿದ್ದರೂ ಒಂದು ಸಲವೂ ಅವರಿಗಾಗಿ ಅಲ್ಲಿ ಕೂತಿರಲಿಲ್ಲ. ಮೇಲಿಂದಲೇ ನೋಡುತ್ತಿದ್ದೆನಲ್ಲ. ಅಕ್ಕಪಕ್ಕದಲ್ಲಿ ಕೂತವರು ಗಳಿಗೆಗೊಮ್ಮೆ ಗೋಡೆಯ ಗಡಿಯಾರ ನೋಡುತ್ತಿದ್ದರು, ನಾನೂ ನೋಡಿದೆ. ಮುಳ್ಳು ಸರಿಯುತ್ತಿರಲಿಲ್ಲ. ಅವರು ಹಿಂದಿನ ಸಾಲಿನಲ್ಲಿ ಕೂತು ಯಾರನ್ನು ನೆನೆಯುತ್ತಿದ್ದಾರೋ, ನಿದ್ದೆ ಮಾಡಿದ್ದಾರೋ, ಎದ್ದು ನಿಂತು ಬೈಸಿಕೊಳ್ಳುತ್ತಿದ್ದಾರೋ, ನನಗೆ ತಿಳಿಯುವ ದಾರಿಯೇ ಇರಲಿಲ್ಲ. ಬಾಗಿಲು ತೆರೆದು ಜನ ಬರತೊಡಗಿದರು. ಎಲ್ಲರಿಗಿಂತ ಕೊನೆಗೆ ಅವರು ಬಂದರು. ಹಿಂದಿನ ಸಾಲಿನವರು ಇಳಿಯುವುದು ತಡವೇ, ಅದರಿಂದ ಏನನ್ನೂ ತಿಳಿಯುವಂತಿರಲಿಲ್ಲ.

ನನ್ನನ್ನು ನೋಡಿ ನಿಂತರು. ಮುಖ ನೋಡಿದೆ. ಹನ್ನೊಂದು ವರ್ಷ ನೋಡಿದ ಮುಖ, ಒಂದಕ್ಷರವೂ ಓದಲಾಗಲಿಲ್ಲ.

“ಎಷ್ಟ ಹೊತ್ತ ಅನಿಸ್ತು ದಾರಿ?” ಎಂದು ಕೇಳಿದೆ.

ಅವರು ಚೀಲವನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡರು.

“ಐವತ್ತೆಂಟು ನಿಮಿಷ” ಎಂದರು. “ಗಾಳಿ ಎದುರಿತ್ತು ಅಂತ ಪೈಲಟ್ ಹೇಳಿದಾ.”